ನಾಲ್ಕು ಕಂಬ, ಒಂದು ಹಾಳೆ

ಸಿಮೆಂಟಿಗೆ ಕೆಂಪು ಪುಡಿ ಹಾಕಿ ಕಲೆಸುವಾಗ ತುಕ್ಕು ಹಿಡಿದ ಕಬ್ಬಿಣವನ್ನು ನೀರಲ್ಲಿ ಅದ್ದಿದಂಥ ವಾಸನೆ ಏಳುತ್ತದೆ. ಬಂಗಾರಪೇಟೆಯ ನನ್ನ ಮನೆಯಲ್ಲಿ ಈ ಆಷಾಢದಲ್ಲಿ ಆ ವಾಸನೆ ಎರಡನೇ ಸಲ ಎದ್ದಿತು. ಮೊದಲ ಸಲ ಹೊಸ ಮನೆಗೆ ನೆಲ ಹಾಸುವಾಗ. ಈ ಸಲ, ಅದೇ ಮನೆಯ ನಡುವೆ ಇದ್ದ ತೊಟ್ಟಿಯನ್ನು ಮುಚ್ಚಿಸುವಾಗ.

"ಆಸಾಡದಾಗ ಯಾರಾನ ಮನೆ ಕೆಲ್ಸ ಇಡೀತಾರಾ ಸಾಮಿ?" ಅಂದ ಮುನಿಸಾಮಪ್ಪ ಮೇಸ್ತ್ರಿ. ಆ ತೊಟ್ಟಿಯನ್ನು ಕಟ್ಟಿದ್ದವನೂ ಅವನೇ.

"ಕಟ್ಟೋ ಕೆಲಸ ಅಲ್ಲ ಮೇಸ್ತ್ರಿ, ಮುಚ್ಚೋ ಕೆಲಸ. ಅದಕ್ಕೆ ಆಷಾಢ ಆಗುತ್ತೆ."

"ಓದ್ ವರ್ಸ ಈ ಅಂಚು ತೀಡಿ ತೀಡಿ ನನ್ ಬೆಳ್ಳು ಸವ್ದೋಗಿತ್ತು. ಈಗ ನಾನೇ ಮಣ್ಣಾಕ್ಬೇಕು ಅಂತೀರಿ." ಅವನು ಬೀಡಿ ಕಿವಿಗೆ ಸಿಕ್ಕಿಸಿಕೊಂಡು, ಒಂದು ಗಳಿಗೆ ತೊಟ್ಟಿಯ ಅಂಚಿನ ಮೇಲೆ ಅಂಗೈ ಆಡಿಸಿ, ಆಮೇಲೆ ಮೊದಲ ಬಾಂಡಲಿ ಮಣ್ಣು ಸುರಿದ.

ಆ ಹೊತ್ತಿಗೆ ನನ್ನ ಹೆಂಡತಿ ಸುಶೀಲ ಮನೆ ಬಿಟ್ಟು ಏಳು ತಿಂಗಳಾಗಿತ್ತು. ಕೆಜಿಎಫ್‌ನ ನಂದಿದುರ್ಗದಲ್ಲಿ, ಗಣಿ ಕಾರ್ಮಿಕರ ಹಳೆಯ ಲೈನ್ ಮನೆಯೊಂದರಲ್ಲಿ, ತನ್ನ ತಂಗಿ ಪಾಪಮ್ಮನ ಜೊತೆ ಇದ್ದಳು. ತೊಟ್ಟಿ ಮುಚ್ಚಿದರೆ ಬರುತ್ತೇನೆಂದು ಅವಳು ಹೇಳಿರಲಿಲ್ಲ. ನಾನೇ ಹಾಗೆ ನಂಬಿಕೊಂಡಿದ್ದೆ.

ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತೇನೆ.

ಹೋದ ವರ್ಷದ ಯುಗಾದಿ ಕಳೆದ ವಾರ. ಪಾಯ ಅಗೆಯುವ ಮೊದಲು ಮನೆಯ ಒಳಗು ಹೇಗಿರಬೇಕೆಂದು ತೀರ್ಮಾನವಾಗಬೇಕಿತ್ತು. ನಮಗೆ ಮಕ್ಕಳಿಲ್ಲ. ಇರುವವರು ಇಬ್ಬರು, ಆಸೆಗಳೂ ಎರಡು. ಡಿಸೈನ್ ಮಾಡುವ ಹುಡುಗಿ ಶಿಲ್ಪಾ ಎರಡು ಫೈಲು ತಂದು ನಮ್ಮ ಬಾಡಿಗೆ ಮನೆಯ ಚಾಪೆಯ ಮೇಲೆ ಹರಡಿದಳು.

ಒಂದು ತೊಟ್ಟಿ ಮನೆಯ ಮಾದರಿ. ನಡುವೆ ಆಕಾಶಕ್ಕೆ ತೆರೆದ, ತಗ್ಗಿನ ತೊಟ್ಟಿ, ಸುತ್ತ ಜಗಲಿ, ನಾಲ್ಕು ಮೂಲೆಗೆ ಮರದ ಕಂಬ, ಕೆಂಪು ನೆಲ, ತೂಗುಯ್ಯಾಲೆ. ಅದು ನನ್ನ ಆಸೆ. ಬೂದಿಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ಅಜ್ಜ ಕಟ್ಟಿಸಿದ ಮನೆಯನ್ನು ಅಣ್ಣತಮ್ಮಂದಿರು ಕೆಡವಿ ಹಂಚಿಕೊಂಡಾಗ ನನ್ನ ಪಾಲಿಗೆ ಹಲಸಿನ ಮರದ ನಾಲ್ಕು ಕಂಬ ಬಂದಿದ್ದವು. ಹದಿನೈದು ವರ್ಷ ಅವು ಅಣ್ಣನ ದನದ ಕೊಟ್ಟಿಗೆಯಲ್ಲಿ ಗೋಡೆಗೆ ಒರಗಿಕೊಂಡಿದ್ದವು. ಹಾಲಿನ ಕ್ಯಾನು ತೆಗೆಯುವಾಗಲೆಲ್ಲ ಅತ್ತಿಗೆ ಅವಕ್ಕೆ ಕಾಲು ತಾಗಿಸಿಕೊಂಡು, "ನಿನ್ ಆಸ್ತಿ ತಗೊಂಡೋಗಪ್ಪಾ ಮಾರಾಯಾ" ಅನ್ನುತ್ತಿದ್ದರು.

ಇನ್ನೊಂದು ಫೈಲು ಬಂಗ್ಲೆ ಮಾದರಿ. ಕೆಜಿಎಫ್‌ನ ಮೈಸೂರು ಮೈನ್ಸಿನಲ್ಲಿ ಗಣಿ ಅಧಿಕಾರಿಗಳಿಗೆ ಇಂಗ್ಲಿಷರ ಕಾಲದಲ್ಲಿ ಕಟ್ಟಿದ ಮನೆಗಳ ಹಾಗೆ. ಎತ್ತರದ ಸೂರು, ಅಗಲ ಕಿಟಕಿ, ಒಂದೇ ಮಟ್ಟದ ದೊಡ್ಡ ಹಾಲು, ಬೆತ್ತದ ಕುರ್ಚಿ, ಗಾಜಿನ ಬಾಗಿಲಿನ ಬೀರು, ಗೋಡೆಯೊಳಗೆ ಬೆಂಕಿ ಗೂಡು. ಅದು ಸುಶೀಲಳ ಆಸೆ. ಅವಳ ಅಮ್ಮ ಅಂಥ ಒಂದು ಬಂಗ್ಲೆಯಲ್ಲಿ ಕಸ ಗುಡಿಸುತ್ತಿದ್ದವಳು.

"ಎರಡೂ ಮಿಕ್ಸ್ ಮಾಡಿದ್ರೆ ಎರಡೂ ಕೆಡುತ್ತೆ ಅಂಕಲ್. ಒಂದು ಫೈನಲ್ ಮಾಡಿ," ಅಂದಳು ಶಿಲ್ಪಾ.

ನಾನು ನಕ್ಕೆ. "ಬಂಗಾರಪೇಟೆ ಬಿಸಿಲಿಗೆ ಬೆಂಕಿ ಗೂಡಾ? ದೊರೆಸಾನಿಯವರು ಅದರಲ್ಲಿ ಏನು ಸುಡ್ತಾರೆ, ಕಡಲೆಕಾಯಾ?"

"ಉರಿಸಕ್ಕಲ್ಲ. ಸುಮ್ನೆ ಇರ್ಲಿ ಅಂತ," ಅಂದಳು ಸುಶೀಲ. "ನೀವು ಗೌಡ್ರಾಗಿ ಉಯ್ಯಾಲೆ ಮೇಲೆ ಕೂತ್ಕಳ್ಳೋದಾದ್ರೆ ನಾನ್ಯಾಕೆ ದೊರೆಸಾನಿ ಆಗ್ಬಾರ್ದು?"

ಶಿಲ್ಪಾ ಜೋರಾಗಿ ನಕ್ಕಳು. ಸುಶೀಲ ನಗಲಿಲ್ಲ. "ಅದಕ್ಕೊಂದು ಕಾರ್ಣ ಐತೆ. ಏನಂತ ಏಳ್ತೀನಿ, ಕೂತ್ಕಳಿ," ಅಂದಳು.

ನಾನು ಬೆಂಗಳೂರಿನ ಒಂದು ದಿನಪತ್ರಿಕೆಯ ಡೆಸ್ಕಿನಲ್ಲಿ ಉಪಸಂಪಾದಕನಾಗಿದ್ದೆ. ಅದು ನನ್ನ ಸೇವೆಯ ಕೊನೆಯ ವರ್ಷ. ದಿನಾ ಮಧ್ಯಾಹ್ನದ ರೈಲಿಗೆ ಹೋಗಿ ಕೊನೆಯ ರೈಲಿಗೆ ಬರುತ್ತಿದ್ದೆ. ಅವತ್ತೂ ರೈಲಿಗೆ ಹೊತ್ತಾಗಿತ್ತು. ಚಪ್ಪಲಿ ಹಾಕಿಕೊಳ್ಳುತ್ತಾ, "ಬರೆದಿಡು, ಓದ್ತೀನಿ," ಅಂದೆ.

ಮಾರನೆಯ ದಿನ ಟಿಫನ್ ಡಬ್ಬಿಯ ಕೆಳಗೆ ಒಂದು ಹಾಳೆ ಇತ್ತು. ಸುಶೀಲ ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ಹತ್ತರವರೆಗೆ ಓದಿದವಳು. ದುಂಡು ಅಕ್ಷರ. ರೈಲಿನಲ್ಲಿ ಕಿಟಕಿ ಪಕ್ಕ ಕೂತು ಓದಿದೆ. ಮೊದಲ ಪ್ಯಾರಾದಲ್ಲಿ ಕಿಟಕಿ ಎಷ್ಟು ಅಗಲ ಇರಬೇಕು, ಯಾವ ದಿಕ್ಕಿಗೆ ಇರಬೇಕು. ಎರಡನೆಯದರಲ್ಲಿ ಎರಡು ಬೆತ್ತದ ಕುರ್ಚಿ, ಗಾಜಿನ ಬೀರು, ಬೆಂಕಿ ಗೂಡು, ಯಾವುದು ಎಲ್ಲಿರಬೇಕು ಅನ್ನುವ ಪಟ್ಟಿ. ಪಟ್ಟಿ ಕಂಡು ನನಗೆ ಮತ್ತೆ ನಗು ಬಂತು.

ಸುದ್ದಿಯಲ್ಲಿ ಮುಖ್ಯವಾದದ್ದು ಮೊದಲಿಗೆ ಬರುತ್ತದೆ. ಅದಕ್ಕಿಂತ ಕಡಿಮೆ ಮುಖ್ಯವಾದದ್ದು ಅದರ ಕೆಳಗೆ. ಪುಟದಲ್ಲಿ ಜಾಗ ಸಾಲದಿದ್ದರೆ ಕೆಳಗಿನಿಂದ ಕತ್ತರಿಸುತ್ತೇವೆ, ಓದಿಯೂ ನೋಡದೆ. ಮೂವತ್ತನಾಲ್ಕು ವರ್ಷ ಹಾಗೆ ಕತ್ತರಿಸಿದ್ದೇನೆ. ಒಬ್ಬ ವರದಿಗಾರನೂ ಕೊನೆಯ ಸಾಲಿನಲ್ಲಿ ಪ್ರಾಣ ಇಟ್ಟಿದ್ದೆ ಎಂದು ಜಗಳಕ್ಕೆ ಬಂದಿರಲಿಲ್ಲ. ಜೇಬಿನಲ್ಲಿದ್ದ ನೀಲಿ ಪೆನ್ಸಿಲ್ ತೆಗೆದು ಎರಡು ಕಾಗುಣಿತ ತಿದ್ದಿದೆ. ಎರಡನೇ ಪ್ಯಾರಾದ ಕೆಳಗೆ ಗೆರೆ ಎಳೆದೆ. ಹಾಳೆಯನ್ನು ಮಡಚಿ, ಚೀಲದಲ್ಲಿದ್ದ ಬಂಗ್ಲೆಯ ಫೈಲಿನೊಳಗೆ ಇಟ್ಟೆ. ರೈಲು ಆಗಿನ್ನೂ ಟೇಕಲ್ ದಾಟಿರಲಿಲ್ಲ.

ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತಾ, "ತೊಟ್ಟಿಯೇ ಇರಲಿ ಸುಶೀಲಾ. ಕಂಬಗಳು ಕೊಟ್ಟಿಗೇಲಿ ಹಾಳಾಗ್ತಿವೆ," ಅಂದೆ.

ಅವಳು ಸೌಟು ಹಿಡಿದುಕೊಂಡೇ ನಿಂತಳು. "ಆಳೆ ನೋಡಿದ್ರಾ?"

"ನೋಡಿದೆ."

"ಪೂರ್ತಿ?"

"ಒಂದು ಹಾಳೆ. ಅದರಲ್ಲೇನು ಪೂರ್ತಿ, ಅರ್ಧ?"

ಅವಳು ಒಲೆಯ ಕಡೆ ತಿರುಗಿದಳು. "ಸರಿ," ಅಂದಳು. ಮತ್ತೆ ಆ ಮಾತು ಎತ್ತಲಿಲ್ಲ. ಒಪ್ಪಿದ್ದಾಳೆ ಎಂದು ನಾನು ತಿಳಿದೆ.

ಬೇಸಿಗೆಯಲ್ಲಿ ಪಾಯ ಬಂತು, ಮುಂಗಾರಿನಲ್ಲಿ ಗೋಡೆ ಎದ್ದವು. ಆ ವರ್ಷ ಮುಂಗಾರು ನಮ್ಮ ಕಡೆ ಎಂದಿನಂತೆ ಮೋಡ ತೋರಿಸಿ ಹೋಯಿತು. ಕೆಲಸಕ್ಕೆ ಒಂದು ದಿನವೂ ತಡೆಯಾಗಲಿಲ್ಲ. ಶ್ರಾವಣದಲ್ಲಿ ಕಂಬಗಳು ಟ್ರ್ಯಾಕ್ಟರಿನಲ್ಲಿ ಬಂದವು. ಸಗಣಿಯ ಕಲೆ ಉಜ್ಜಿ ತೆಗೆದು ಎಣ್ಣೆ ಹಚ್ಚಿದಾಗ ಜೇನಿನ ಬಣ್ಣ ಬಂತು. ಅವುಗಳನ್ನು ನಿಲ್ಲಿಸಿದ ದಿನ ನಾನು ರಜೆ ಹಾಕಿದ್ದೆ.

ಕೆಂಪು ನೆಲಕ್ಕೆ ನಡುವೆ ನಿಲ್ಲಿಸುವಂತಿಲ್ಲ. ಎರಡು ಕಂಬದ ನಡುವಿನ ಒಂದು ಅಂಕಣ ಹಿಡಿದರೆ ಅದೇ ದಿನ ಮುಗಿಸಬೇಕು, ಇಲ್ಲದಿದ್ದರೆ ಬೆಸುಗೆ ಬಿದ್ದ ಕಡೆ ಬಣ್ಣ ಬೇರೆಯಾಗುತ್ತದೆ. ಮುನಿಸಾಮಪ್ಪ ಬೆಳಿಗ್ಗೆ ಮಂಡಿ ಊರಿದರೆ ಸಂಜೆ ಏಳುತ್ತಿದ್ದ. ಆಮೇಲೆ ವಾರಗಟ್ಟಲೆ ನೀರು ನಿಲ್ಲಿಸುವುದು. ನೆಲ ಒಣಗಿದ ದಿನ ಸುಶೀಲ ಬರಿಗಾಲಲ್ಲಿ ಜಗಲಿಯ ಸುತ್ತ ನಡೆದಳು. ನಿಧಾನವಾಗಿ, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು. ತೊಟ್ಟಿಯ ಅಂಚಿಗೆ ಬಂದಾಗ ಹೆಬ್ಬೆರಳು ಚಾಚಿ ಅಂಚನ್ನು ತಡವಿದಳು.

ಮೇಸ್ತ್ರಿ ಅದನ್ನು ನೋಡುತ್ತಿದ್ದ. "ಅಮ್ಮಾರು ಕಾಲಲ್ಲಿ ನೋಡ್ತಾರೆ ಸಾಮಿ," ಅಂದ. "ಅಂಚಿಗೊಂದು ಗೇಣುದ್ದ ಕಟ್ಟೆ ಎಬ್ಬಿಸ್ಲಾ?"

"ಬೇಡ ಮೇಸ್ತ್ರಿ, ಅಂದ ಕೆಡುತ್ತೆ," ಅಂದೆ. ಕಾಲಲ್ಲಿ ನೋಡುತ್ತಾಳೆ ಅಂದದ್ದು ಅವನ ನೆಲಕ್ಕೆ ಅವನೇ ಕೊಟ್ಟುಕೊಂಡ ಮೆಚ್ಚುಗೆ ಎಂದುಕೊಂಡೆ. ಅಂಚಿಗೆ ಬೇಕಾದರೆ ಸಾಲು ದೀಪ ಹಾಕಿಸಿ, ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಎಂದು ಶಿಲ್ಪಾ ಹೇಳಿದಳು. ಹಾಕಿಸಿದೆ. ದೀಪ ಹತ್ತಿದ ಸಂಜೆ ಸುಶೀಲ ನನ್ನ ತೋಳನ್ನು ಹಿಡಿದು ಸ್ವಲ್ಪ ಹೊತ್ತು ನಿಂತಿದ್ದಳು. ಯಾಕೆಂದು ನಾನು ಕೇಳಲಿಲ್ಲ.

ವಿಜಯದಶಮಿಯ ದಿನ ಗೃಹಪ್ರವೇಶವಾಯಿತು. ಅದೇ ತಿಂಗಳ ಕೊನೆಗೆ ನಾನು ನಿವೃತ್ತನಾದೆ. ಹಗಲೆಲ್ಲ ಮನೆಯಲ್ಲಿ ಕೂತು ಮನೆಯನ್ನೇ ನೋಡುವುದು ಮೊದಲಾಯಿತು. ಸುಶೀಲ ಅಡುಗೆಮನೆಯಿಂದ ದೇವರ ಕೋಣೆಗೆ ಹೋಗುವಾಗ ಪ್ರತಿ ಕಂಬವನ್ನೂ ಮುಟ್ಟಿಕೊಂಡು ಹೋಗುತ್ತಿದ್ದಳು. ಬೇಡವೆಂದವಳೇ ಈಗ ಕಂಬ ಬಿಟ್ಟಿರಲಾರಳು ಎಂದು ನನಗೆ ಹಿಗ್ಗು. ಅದನ್ನೇ ಭಾನುವಾರದ ಪುರವಣಿಗೆ ಒಂದು ಸಣ್ಣ ಬರಹ ಮಾಡಿ ಕಳಿಸಿದೆ. ನಮ್ಮ ಮನೆಯಾಕೆ ಕಂಬ ಮುಟ್ಟದೆ ದಾಟುವುದಿಲ್ಲ ಎಂದು ಅದರಲ್ಲಿ ಬರೆದಿದ್ದೆ. ಅಚ್ಚಾಗಿ ಬಂದ ದಿನ ಪೇಪರನ್ನು ಅವಳ ಕೈಗೆ ಕೊಟ್ಟೆ.

"ಕನ್ನಡ್ಕ ಎಲ್ಲಿಟ್ನೋ. ನೀವೇ ಓದಿ," ಅಂದಳು.

ಓದಿದೆ. ಮುಗಿಸಿದ ಮೇಲೂ ಅವಳು ಇನ್ನೂ ಏನೋ ಬರಬೇಕೆನ್ನುವಂತೆ ಕಾಯುತ್ತಿದ್ದಳು.

"ಅಷ್ಟೇನಾ?"

"ಅಷ್ಟೇ."

"ಚೆನ್ನಾಗಿ ಬರ್ದಿದ್ದೀರಿ," ಅಂದಳು.

ಕಾರ್ತಿಕದ ಕೊನೆಗೆ ಮದ್ರಾಸಿನ ಕಡೆ ಚಂಡಮಾರುತ ಎದ್ದಿತು. ನಮ್ಮ ಸೀಮೆಗೆ ನಿಜವಾದ ಮಳೆ ಬರುವುದು ಹಾಗೆ, ಆ ಕಡಲಿಂದ. ಎರಡು ದಿನ ಬಿಡದೆ ಜಡಿ ಹಿಡಿಯಿತು. ಎರಡನೆಯ ದಿನ ಮುಸ್ಸಂಜೆ ಮಳೆ ಜೋರಾಯಿತು. ನಾಲ್ಕೂ ಕಡೆಯ ಸೂರಿನಿಂದ ನೀರು ತೊಟ್ಟಿಗೆ ಧಾರೆಯಾಗಿ ಬೀಳುತ್ತಿತ್ತು. ಆಗ ಕರೆಂಟು ಹೋಯಿತು. ನಾನು ಉಯ್ಯಾಲೆಯ ಮೇಲೆ ಇದ್ದೆ. ಸುಶೀಲ ಎದುರು ಜಗಲಿಯ ಆಚೆ, ಅಡುಗೆಮನೆಯಲ್ಲಿ ಇದ್ದಳು. ಇಷ್ಟು ದಿನ ಈ ಹೊತ್ತಿಗಾಗಿಯೇ ಕಾದಿದ್ದವನಂತೆ ನಾನು ಕೂಗಿದೆ: "ಸುಶೀಲಾ, ಬೇಗ ಬಾ ಇಲ್ಲಿ, ಮಳೆ ನೋಡು!"

ಅವಳು ನನ್ನ ದನಿ ಬಂದ ಕಡೆಗೆ ನೇರವಾಗಿ ಬಂದಳು.

ಕೋಲಾರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ತೊಡೆಯ ಮೂಳೆ ಮುರಿದಿತ್ತು. ಡಾಕ್ಟರು ಚಿಕ್ಕ ಟಾರ್ಚು ಹಿಡಿದು ಅವಳ ಕಣ್ಣನ್ನೂ ನೋಡಿದರು, ಇನ್ನೊಮ್ಮೆ ನೋಡಿದರು. "ಕಣ್ಣು ಯಾವಾಗಿಂದ ಹೀಗಿದೆಯಮ್ಮಾ?"

"ಎಲ್ಡು ವರ್ಸ ಆಗ್ತಾ ಬಂತು ಸಾರ್. ಕತ್ಲಾದ್ರೆ ಏನೂ ಕಾಣಲ್ಲ. ಅಗಲೊತ್ತೂ ಪಕ್ಕದಲ್ಲಿರೋದು ಕಾಣಲ್ಲ."

"ಮನೆಯವರಿಗೆ ಹೇಳಿಲ್ಲವಾ?"

"ಅವ್ರಿಗೆ ಗೊತ್ತು," ಅಂದಳು ಸುಶೀಲ. ದೂರಿನ ದನಿಯಲ್ಲ. "ಬರ್ದು ಕೊಟ್ಟಿದ್ದೆ. ಅದ್ಕೇ ಅಂಚಿಗೆಲ್ಲಾ ಲೈಟ್ ಆಕ್ಸಿದ್ರು. ಅವತ್ತು ಕರೆಂಟಿರ್ಲಿಲ್ಲ, ಅವ್ರೇನ್ ಮಾಡ್ತಾರೆ?"

ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ತಿಳಿಯದು.

ಪಾಪಮ್ಮನನ್ನು ಅವಳ ಪಕ್ಕ ಕೂರಿಸಿ ಮನೆಗೆ ಬಂದೆ. ಬಂಗ್ಲೆಯ ಫೈಲು ಅಟ್ಟದ ಮೇಲಿತ್ತು. ಹಾಳೆ ನಾನಿಟ್ಟ ಕಡೆಯೇ ಇತ್ತು. ಮುಂಬದಿಯಲ್ಲಿ ನನ್ನ ನೀಲಿ ಗೆರೆ. ತಿರುಗಿಸಿದೆ. ಹಿಂಬದಿಯೂ ತುಂಬ ಬರೆದಿತ್ತು.

ಎರಡು ದಿನ ಕಾದೆ. ಆಪರೇಷನ್ ಆಗಲಿ, ನೋವು ಇಳಿಯಲಿ ಎಂದು ನನಗೆ ನಾನೇ ಕಾರಣ ಕೊಟ್ಟುಕೊಂಡೆ. ಸುಮ್ಮನಿದ್ದುಬಿಡಬಹುದಿತ್ತು. ನಾನು ಓದಿದ್ದೆ, ದೀಪ ಹಾಕಿಸಿದ್ದೆ ಎಂದು ಅವಳು ನಂಬಿದ್ದಳು. ಆ ನಂಬಿಕೆಯಲ್ಲಿ ನಾನು ಕಲ್ಲೆದೆಯ ಗಂಡನಾಗಿದ್ದರೂ ಓದಿದ ಗಂಡನಾಗಿದ್ದೆ. ಮೂರನೆಯ ದಿನ ಹೇಳಿದೆ. ಮುಂಬದಿ ಮಾತ್ರ ಓದಿದೆ ಸುಶೀಲಾ. ದೀಪ ಶಿಲ್ಪಾ ಹೇಳಿದಳು ಅಂತ ಹಾಕಿಸಿದ್ದು.

ಅವಳು ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು.

"ತಿರುಗ್ಸಿ ಕೂಡಾ ನೋಡ್ಲಿಲ್ವಾ?"

"ಇಲ್ಲ."

"ನೀವು ಓದಿ ಬ್ಯಾಡ ಅಂದ್ರಿ ಅಂತ ಅನ್ಕಂಡಿದ್ದೆ. ಒಂದ್ಕಡೆ ನಿಮ್ ತಾತನ ಕಂಬ, ಒಂದ್ಕಡೆ ನನ್ ಕಣ್ಣು. ಎಲ್ಡೂ ತೂಗಿ ನೋಡಿ ಕಂಬ ಅಂದ್ರಿ ಅಂತ. ಅದನ್ನ ತಡ್ಕಂಡಿದ್ದೆ ಕಣ್ರೀ. ದಿನಾ ತಡ್ಕಂಡಿದ್ದೆ." ಅವಳು ಮುಖ ಆ ಕಡೆ ತಿರುಗಿಸಿದಳು. "ಇದನ್ನ ಎಂಗೆ ತಡ್ಕಳದು ಗೊತ್ತಾಗ್ತಿಲ್ಲ."

ಆಸ್ಪತ್ರೆಯಿಂದ ಬಿಡುಗಡೆಯಾದ ದಿನ ಆಟೊದವನಿಗೆ ಅವಳೇ ವಿಳಾಸ ಹೇಳಿದಳು. ನಂದಿದುರ್ಗ.

ಆಮೇಲಿನ ತಿಂಗಳುಗಳಲ್ಲಿ ನಾನು ವಾರಕ್ಕೊಮ್ಮೆ ಮಾರಿಕುಪ್ಪಂ ರೈಲು ಹಿಡಿದು ಹೋಗಿಬರುತ್ತಿದ್ದೆ. ಲೈನ್ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆ ಮೂಲೆ. ಹಿಂದೆ, ಚಿನ್ನ ತೆಗೆದ ಮೇಲೆ ಸುರಿದ ಸೈನೈಡ್ ಮಣ್ಣಿನ ಬೂದು ದಿಬ್ಬ. ಗಾಳಿ ಬೀಸಿದರೆ ಅದರ ಧೂಳು ಹೊಸ್ತಿಲವರೆಗೆ ಬರುತ್ತದೆ. ಸುಶೀಲ ಮೊದಲು ಕೋಲು ಹಿಡಿದು, ಆಮೇಲೆ ಕೋಲಿಲ್ಲದೆ ನಡೆಯತೊಡಗಿದಳು. ಕಣ್ಣಿನ ನೋಟ ಮಾತ್ರ ತಿಂಗಳಿಂದ ತಿಂಗಳಿಗೆ ಕಿರಿದಾಯಿತು. ನಾನು ಪೇಪರು ಓದಿ ಹೇಳುತ್ತಿದ್ದೆ. ಅವಳು ಕೇಳುತ್ತಿದ್ದಳು. ಮನೆಯ ಮಾತನ್ನು ಇಬ್ಬರೂ ಆಡುತ್ತಿರಲಿಲ್ಲ.

ಆಡುತ್ತಿದ್ದವಳು ಪಾಪಮ್ಮ. "ಏನ್ ಬಾವ, ಪಕ್ಕದ್ಮನೆ ಸೆಲ್ವಿ ಕೇಳ್ತಾಳೆ, ಅಕ್ಕ ಯಾಕ್ ಇಲ್ಲೇ ಅವ್ಳೆ ಅಂತ. ಆಸಾಡಕ್ಕೆ ತವ್ರಿಗೆ ಬಂದವ್ಳೆ ಅಂತ ಏಳ್ಬಿಟ್ಟೆ. ಐವತ್ತೇಳು ವರ್ಸದ ಒಸ ಮದುಮಗ್ಳು!" ತಾನೇ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ಚಹಾ ಲೋಟವನ್ನು ನನ್ನ ಮುಂದೆ ಕುಕ್ಕಿದಳು. "ಸಾವ್ರಾರು ಜನ ಬರ್ದಿದ್ದು ಓದಿದ್ರಲ್ಲ ಬಾವ ನೀವು."

ಆಷಾಢದ ಮಾತನ್ನು ಅವಳು ತಮಾಷೆಗೆ ಅಂದಳು. ನಾನು ಹಿಡಿದುಕೊಂಡೆ. ಆಷಾಢಕ್ಕೆ ತವರಿಗೆ ಹೋದವಳನ್ನು ಶ್ರಾವಣದಲ್ಲಿ ಗಂಡ ಹೋಗಿ ಕರೆತರುತ್ತಾನೆ. ಅಷ್ಟರೊಳಗೆ ಮನೆ ಸಿದ್ಧವಾಗಬೇಕೆಂದು ಮಾರನೆಯ ದಿನವೇ ಮುನಿಸಾಮಪ್ಪನಿಗೆ ಫೋನು ಮಾಡಿದೆ. ತೊಟ್ಟಿ ಮುಚ್ಚಿತು, ಮೇಲೆ ಸೂರು ಬಂತು, ನೆಲವೆಲ್ಲ ಒಂದು ಮಟ್ಟವಾಯಿತು. ಉಯ್ಯಾಲೆ ಬಿಚ್ಚಿಸಿದೆ. ಕಿಟಕಿ ಅಗಲ ಮಾಡಿಸಿದೆ. ಆಂಡರ್ಸನ್‌ಪೇಟೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಯಾವುದೋ ಬಂಗ್ಲೆಯಿಂದ ಬಂದ ಎರಡು ಬೆತ್ತದ ಕುರ್ಚಿ, ಒಂದು ಗಾಜಿನ ಬೀರು ಸಿಕ್ಕವು. ಸೂರು ಕಂಬಗಳ ಮೇಲೆ ನಿಂತಿದೆ, ಅವನ್ನು ತೆಗೆಯಲಾಗದು ಎಂದ ಮೇಸ್ತ್ರಿ. ಹಳೆ ಕೆಂಪಿಗೂ ಹೊಸ ಕೆಂಪಿಗೂ ಬಣ್ಣ ಕೂಡಲಿಲ್ಲ. ತೊಟ್ಟಿ ಇದ್ದ ಜಾಗ ಚೌಕವಾಗಿ ಹಾಗೇ ಕಾಣುತ್ತದೆ.

ಶ್ರಾವಣದ ಮೊದಲ ಸೋಮವಾರ ನಂದಿದುರ್ಗಕ್ಕೆ ಹೋದೆ.

"ಕರ್ಕೊಂಡೋಗಕ್ಕೆ ಬಂದ್ರಾ ಬಾವ? ಮಡ್ಲಕ್ಕಿ ಕಟ್ಲಾ?" ಅಂದಳು ಪಾಪಮ್ಮ. ಈ ಸಲ ನಗಲಿಲ್ಲ.

ಸುಶೀಲ ಮಂಚದ ಮೇಲೆ ಕೂತಿದ್ದಳು. ಮಾಡಿಸಿದ್ದನ್ನೆಲ್ಲ ಒಂದೊಂದಾಗಿ ಹೇಳಿದೆ. ಅವಳು ಅಡ್ಡ ಮಾತಾಡದೆ ಕೇಳಿದಳು.

"ಬೆಂಕಿ ಗೂಡು?"

"ಅದೊಂದು ಉಳಿದಿದೆ. ಕಟ್ಟಿಸ್ತೀನಿ."

"ಬಂಗಾರಪೇಟೆ ಬಿಸ್ಲಿಗಾ?" ಅಂದಳು. ತುಟಿಯ ಕೊನೆಯಲ್ಲಿ ನಗು ಬಂದು ಹೋಯಿತು. ಆಮೇಲೆ, "ಆ ಆಳೆ ಐತಾ?"

"ಜೇಬಲ್ಲಿದೆ."

"ಓದಿ."

ಬಿಚ್ಚಿ, ಕಿಟಕಿ ಎಷ್ಟು ಅಗಲ ಇರಬೇಕು ಎಂಬಲ್ಲಿಂದ ಮೊದಲು ಮಾಡಿದೆ.

"ಅದ್ ಬ್ಯಾಡ, ಅದನ್ನ ಓದಿದ್ದೀರಿ. ತಿರುಗ್ಸಿ."

ತಿರುಗಿಸಿ ಓದಿದೆ.

"ಬಾಯಲ್ಲಿ ಹೇಳಲು ಆಗದೆ ಇಲ್ಲಿ ಬರೆಯುತ್ತಿದ್ದೇನೆ. ಸಂಜೆ ಮೇಲೆ ನನಗೆ ಕಣ್ಣು ಕಾಣುತ್ತಿಲ್ಲ. ಪಾಪಮ್ಮನ ಜೊತೆ ಕಣ್ಣಿನ ಆಸ್ಪತ್ರೆಗೆ ಹೋಗಿದ್ದೆ. ಅಮ್ಮನಿಗೆ ಬಂದಿದ್ದೇ ನನಗೂ ಬಂದಿದೆ, ನಿಧಾನವಾಗಿ ಹಗಲೂ ಹೋಗುತ್ತದೆ, ಔಷಧಿ ಇಲ್ಲ ಅಂದರು. ಅಮ್ಮ ಬಂಗ್ಲೆಯಲ್ಲಿ ಗುಡಿಸುವಾಗ ನಾನು ದೊಡ್ಡ ರೂಮಿನಲ್ಲಿ ಕಣ್ಣು ಮುಚ್ಚಿಕೊಂಡು ನಡೆಯುವ ಆಟ ಆಡುತ್ತಿದ್ದೆ. ಕಿಟಕಿಯಿಂದ ಬೆತ್ತದ ಕುರ್ಚಿಗೆ ಆರು ಹೆಜ್ಜೆ. ಕುರ್ಚಿಯಿಂದ ಗಾಜಿನ ಬೀರುವಿಗೆ ಒಂಬತ್ತು. ಬೀರುವಿನಿಂದ ಬೆಂಕಿ ಗೂಡಿಗೆ ಏಳು. ಒಂದು ಸಲವೂ ಬಿದ್ದಿಲ್ಲ. ನನಗೆ ಕಣ್ಣಿಲ್ಲದೆ ಗೊತ್ತಿರುವ ರೂಮು ಅದೊಂದೇ. ಹಾಗೆ ಮಾಡಿಸಿಕೊಟ್ಟರೆ ಎಲ್ಲಾ ಕತ್ತಲಾದ ಮೇಲೂ ನಿಮಗೆ ಕಾಫಿ ತಂದುಕೊಡುತ್ತೇನೆ. ಓದಿದ ಮೇಲೆ ಏನೂ ಹೇಳಬೇಡಿ, ನನಗೆ ಅಳು ಬರುತ್ತದೆ. ನೀವು ಸುಮ್ಮನಿದ್ದರೆ ಓದಿದ್ದೀರಿ ಅಂತ ತಿಳಿದುಕೊಳ್ಳುತ್ತೇನೆ."

ಪಾಪಮ್ಮ ಬಾಗಿಲಾಚೆ ಹೋಗಿ ನಿಂತಳು. ಸುಶೀಲ ಎದ್ದಳು. ಮಂಚದಿಂದ ಅಡುಗೆ ಮೂಲೆಗೆ ನಡೆದು, ಏನನ್ನೂ ತಡವದೆ ಲೋಟ ತೆಗೆದು, ಚಹಾ ಬಗ್ಗಿಸಿ, ತಿರುಗಿ ಬಂದು ನನ್ನ ಕೈಗಿಟ್ಟಳು. ಒಂದು ತೊಟ್ಟೂ ಚೆಲ್ಲಲಿಲ್ಲ.

"ಐದು ಎಜ್ಜೆ," ಅಂದಳು. "ಬಾಗ್ಲಿಗೆ ನಾಕು. ನಲ್ಲಿಗೆ ಅನ್ನೆಲ್ಡು. ಎಂಟು ತಿಂಗ್ಳು ಬೇಕಾಯ್ತು ಇಷ್ಟು ಕಲಿಯಕ್ಕೆ. ಇನ್ನೊಂದು ಮನೆ ಎಣಿಸಕ್ಕೆ ನನ್ ಕೈಲಿ ಆಗಲ್ಲ ಕಣ್ರೀ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಚಹಾ ಕುಡಿದೆ. ರೈಲಿನ ಹೊತ್ತಾಯಿತೆಂದು ಅವಳೇ ನೆನಪಿಸಿದಳು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಕಿಟಕಿಯಿಂದ ಆರು ಹೆಜ್ಜೆ ಅಳೆದು ಬೆತ್ತದ ಕುರ್ಚಿ ಇಟ್ಟೆ. ಕುರ್ಚಿಯಿಂದ ಒಂಬತ್ತು ಹೆಜ್ಜೆಗೆ ಬೀರುವನ್ನು ಎಳೆದು ನಿಲ್ಲಿಸಿದೆ. ಕಿಟಕಿಯ ಬಳಿ ನಿಂತು ಕಣ್ಣು ಮುಚ್ಚಿದೆ. ಆರಕ್ಕೆ ಕುರ್ಚಿ ಕೈಗೆ ಸಿಕ್ಕಿತು. ಅಲ್ಲಿಂದ ಬೀರುವಿನ ಕಡೆ ತಿರುಗಿ ಮತ್ತೆ ಎಣಿಸಿದೆ. ಒಂದು, ಎರಡು, ಮೂರು. ನಾಲ್ಕನೆಯ ಹೆಜ್ಜೆಗೆ ಅಜ್ಜನ ಕಂಬ ಹಣೆಗೆ ಬಡಿಯಿತು.